ಬೆಳ್ಳಕ್ಕನ ಸೊಂಟದ ಹಗ್ಗ

ತರೀಕೆರೆ, ೮ ಜನವರಿ ೧೯೨೬, ಶುಕ್ರವಾರ

ಅಕ್ಕ ಇವತ್ತು ಹೆರಿಗೆ, ಬಾಣಂತನಕ್ಕೆಂದು ಸಖರಾಯಪಟ್ಟಣಕ್ಕೆ ಅವ್ವನ ಹತ್ತಿರ ಹೋದಳು. ಇನ್ನು ಐದು ತಿಂಗಳು ಡೇರೆಯ ಹಿಂಭಾಗ ನನ್ನ ಪಾಲಿಗೆ.

ಭಾವನ ಸಿನಿಮಾ ಡೇರೆಯಲ್ಲಿ ಪರದೆ ನಡುವೆ ಇರುತ್ತದೆ. ಮುಂದೆ ಗಂಡಸರು, ಹಿಂದೆ ಹೆಂಗಸರು. ಬಟ್ಟೆ ನೆನೆದಿದ್ದರೆ ಚಿತ್ರ ಈಚೆಗೂ ಹಾಯುತ್ತದೆ. ಒಣಗಿದರೆ ನಮಗೆ ಬರೀ ಬೂದಿಬಣ್ಣದ ಮಸಕು. ಅದಕ್ಕೇ ರೀಲು ಬದಲಾದಾಗಲೆಲ್ಲ ಚೊಂಬಿನಿಂದ ನೀರು ಎರಚಬೇಕು. ಆ ಕೆಲಸ ಎರಡು ವರ್ಷದಿಂದ ನನ್ನದೇ. ಕತ್ತಲಲ್ಲಿ ನಿಂತು ನೀರು ಎರಚುವುದಕ್ಕೆ ಬಾಯಿ ಬೇಡ. ಆದರೆ ಚಿತ್ರದಲ್ಲಿ ಮಾತಿಲ್ಲವಲ್ಲ, ಕಥೆ ಹೇಳುವವರು ಬೇಕು. ಮುಂದೆ ಭಾವ ಸೋಮಶೇಖರಪ್ಪನವರು ಹೇಳುತ್ತಾರೆ. ಹಿಂದೆ ಅಕ್ಕ ಹೇಳುತ್ತಿದ್ದಳು. ಗಂಡಸರು ಈಚೆ ಬರುವಂತಿಲ್ಲ.

“ನಾಲ್ಕನೇ ಕ್ಲಾಸು ಓದಿದೀಯ, ನಾನು ಬರೆದುಕೊಟ್ಟಿದ್ದನ್ನು ಓದೋಕೇನು ದಾಡಿ?” ಎಂದರು ಭಾವ.

ಅಕ್ಕ ಹೋಗುವಾಗ ಹಳೆಯ ಜಾಹೀರಾತು ಕಾಗದಗಳನ್ನು ಮಗುಚಿ ಹೊಲಿದು ಈ ಪುಸ್ತಕ ಮಾಡಿಕೊಟ್ಟಳು. “ಹೆದರಿಕೆ ಆದಾಗ ಬರೀ ಕಣೇ ಕಮಲಾಕ್ಷಿ. ಇಲ್ಲಿ ಯಾರೂ ನಗಲ್ಲ” ಎಂದಳು.

೧೦ ಜನವರಿ, ಭಾನುವಾರ

ನಕ್ಕರು. ಮೊದಲ ಸಾಲು ಓದುವಷ್ಟರಲ್ಲಿ ಗಂಟಲು ಕಟ್ಟಿತು. “ಏನ್ ತಾಯಿ, ಗಂಟ್ಲಲ್ಲಿ ಕಪ್ಪೆ ಕೂತೈತಾ?” ಎಂದು ಯಾರೋ ಕೂಗಿದರು. ಹೆಂಗಸರ ಬಾಗಿಲಲ್ಲಿ ಟಿಕೇಟು ಹರಿಯುವ ಸೈದಾನಿ ಬಿ ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳು ಯಂತ್ರ ತಿರುಗಿಸುವ ಖಾಸಿಂ ಸಾಬರ ತಾಯಿ. ಅವಳ ಸೆರಗಿನ ತುದಿ ಹಿಡಿದುಕೊಂಡೇ ಆಟ ಮುಗಿಸಿದೆ.

೧೪ ಜನವರಿ, ಗುರುವಾರ

ಸಂಕ್ರಾಂತಿಯ ದಿನವೇ ಗ್ರಹಣ. ಆಟ ಇಲ್ಲ. ಅಕ್ಕ ಹೊರಗೆ ಬರದಿದ್ದರೆ ಸಾಕು. ಹೊಟ್ಟೆಯಲ್ಲಿರುವ ಕೂಸಿಗೆ ಏನೂ ಆಗದಿದ್ದರೆ ಸಾಕು. ಒಂದು ದಿನ ಮಾತಾಡುವುದು ತಪ್ಪಿತೆಂದು ನನಗೆ ಸಂತೋಷವಾಯಿತು. ಹಾಗೆ ಸಂತೋಷಪಟ್ಟದ್ದಕ್ಕೂ ಭಯವಾಯಿತು.

ಅಜ್ಜಂಪುರ, ೧೯ ಜನವರಿ, ಮಂಗಳವಾರ

ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಡೇರೆ ಎದ್ದಿದೆ. ಊರ ಕೆರೆ ಇಲ್ಲಿಂದ ಕೂಗಳತೆ. ಪರದೆಗೆ ನೀರು ಅಲ್ಲಿಂದಲೇ.

ಈ ಸಲದ ಚಿತ್ರದಲ್ಲಿ ಒಬ್ಬಳು ಬಿಳಿಯ ಹೆಂಗಸು ಇದ್ದಾಳೆ. ಅಮೆರಿಕದವಳು, ಹೆಸರು ಡೋರಾ ವಿನ್ಸ್ಲೋ ಎಂದು ರೀಲಿನ ಡಬ್ಬದ ಮೇಲೆ ಬರೆದಿದೆಯಂತೆ. ಕಣ್ಣು ಎಷ್ಟು ದೊಡ್ಡವೆಂದರೆ ಎರಡೂ ಕಡೆಯವರಿಗೆ ಸಾಕು. ಗಂಡ ಅವಳ ಮೇಲೆ ಅನುಮಾನಪಡುತ್ತಾನೆ, ಅತ್ತೆ ಬಾಗಿಲು ಹಾಕುತ್ತಾಳೆ, ಅವಳು ನಡೆದು ಹೋಗಿ ಸರೋವರದಲ್ಲಿ ಇಳಿಯುತ್ತಾಳೆ. ಕೊನೆಗೆ ನೀರಿನ ಮೇಲೆ ಅವಳ ಟೋಪಿ ಮಾತ್ರ ತೇಲುತ್ತದೆ.

ಮುಂದಿನ ಸಾಲಿನಲ್ಲಿ ತಿಮ್ಮಕ್ಕ ಎಂಬ ಮುದುಕಿ ಚಾಪೆ ಹಾಸಿ ಕೂತಿದ್ದಳು. ಊರು ಬುಕ್ಕಾಂಬುಧಿ. ಸಿನಿಮಾ ಬಂದಿದೆಯೆಂದು ಕೇಳಿ ಸೊಸೆಯನ್ನೂ ಎಳೆದುಕೊಂಡು ಇಲ್ಲಿನ ಮಗಳ ಮನೆಗೆ ಬಂದಿದ್ದಾಳಂತೆ. ಅವಳ ಬಾಯಿ ಸುಮ್ಮನಿರುವುದಿಲ್ಲ. ಹಿಂದಿನಿಂದ ನೋಡುವವರಿಗೆ ಚಿತ್ರದ ಎಡಬಲ ಅದಲುಬದಲಾಗಿ ಕಾಣುತ್ತದಲ್ಲ, “ಥೂ, ಈ ಬಿಳಿ ಜನ ಎಲ್ಲಾ ಎಡಗೈಲೇ ಉಣ್ತಾವಲ್ಲೇ!” ಎಂದಳು. ನಾಯಕಿಗೆ ಬೆಳ್ಳಕ್ಕ ಎಂದು ಹೆಸರಿಟ್ಟವಳೂ ಅವಳೇ.

ಭಾವ ಬರೆದುಕೊಟ್ಟ ಕೊನೆಯ ಸಾಲು ಇದು: “ನೀರು ತಾಯಿಯಂತೆ ಅವಳನ್ನು ಮಡಿಲಿಗೆ ತೆಗೆದುಕೊಂಡಿತು. ಅಲ್ಲಿಗೆ ಅವಳ ಕಷ್ಟವೆಲ್ಲ ತೀರಿತು.” ಇದನ್ನು ಓದುವಾಗ ನನ್ನ ದನಿ ನಡುಗಿತು. ಅದು ಹೆದರಿಕೆಯಿಂದ. ಅವರು ದುಃಖ ಎಂದುಕೊಂಡರು. ಎಲ್ಲರೂ ಅತ್ತರು. ತಿಮ್ಮಕ್ಕ ಗೊಳೋ ಎಂದಳು. ನಾನು ಓದಿದ್ದಕ್ಕೆ ಜನ ಅಳುತ್ತಾರೆ! ಒಳಗೊಳಗೇ ಹಿಗ್ಗಾಯಿತು.

೨೧ ಜನವರಿ, ಗುರುವಾರ

ನಿನ್ನೆ ಆಟ ಮುಗಿದ ಮೇಲೆ ತಿಮ್ಮಕ್ಕನ ಸೊಸೆ ಚಾಪೆ ಸುತ್ತುತ್ತಾ ಹಿಂದೆ ಉಳಿದಳು. ಹಾಲಮ್ಮ ಎಂದು ಹೆಸರು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳಿರಬಹುದು. ಎರಡು ದಿನ ಬಂದಿದ್ದರೂ ಅವಳ ದನಿ ಕೇಳಿರಲಿಲ್ಲ.

“ತುಂಬಾ ಹೊತ್ತು ಹಿಡೀತಾ ಅವ್ಳಿಗೆ?” ಎಂದಳು.

“ಯಾರಿಗೆ?”

“ಬೆಳ್ಳಕ್ಕಂಗೆ. ನೀರಿಗೆ ಇಳಿದ್ಮೇಲೆ. ಆಮೇಲೆ ನಿಜವಾಗ್ಲೂ ಕಷ್ಟ ತೀರ್ತಾ?”

ಅವಳು ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು, “ನಮ್ಮನೆ ಹಿತ್ಲಿಂದ ಹತ್ತು ಹೆಜ್ಜೆ, ಬುಕ್ಕಾಂಬುಧಿ ಕೆರೆ” ಎಂದು ಹೇಳಿ ಹೋದಳು.

ಇವತ್ತು ಮತ್ತೆ ಅದೇ ಸಾಲು ಓದಿದೆ. ಓದಲೇಬೇಕಿತ್ತು. ಅವಳು ತಲೆಯಾಡಿಸುತ್ತಿದ್ದಳು, ಒಪ್ಪಿದವಳ ಹಾಗೆ.

೨೨ ಜನವರಿ, ಶುಕ್ರವಾರ

ರೀಲು ಬದಲಾಗುವ ನಡುವೆ ತಿಮ್ಮಕ್ಕ ಪಕ್ಕದವಳ ಹತ್ತಿರ ಹೇಳುತ್ತಿದ್ದಳು. ಸೊಸೆ ಮಗ್ಗುಲಲ್ಲೇ ಕೂತಿದ್ದಳು.

“ನಾಕು ವರ್ಷ ನೋಡಿದ್ವಿ ಕಣವ್ವ, ಒಂದು ಹುಳನೂ ಇಲ್ಲ. ಶಿವರಾತ್ರಿ ಕಳೀಲಿ, ಲಿಂಗದಹಳ್ಳಿ ಕಡೆ ಹುಡುಗಿ ತರ್ತೀವಿ. ಇವಳೇ ಮುಂದೆ ನಿಂತು ಆರತಿ ಎತ್ತಿ ಒಳಗೆ ಕರ್ಕೋಬೇಕು. ಹಂಗೆ ಮಾಡಿದ್ರೆ ಹೊಸಬಳಿಗೆ ಮಡಿಲು ತುಂಬ್ತದೆ.”

“ಇವಳು ಒಪ್ಪಿದ್ಲಾ?”

“ಒಪ್ದೆ? ತಾಯಿಲ್ಲ, ತಂದೆಯಿಲ್ಲ. ಕಡೂರಾಗೆ ಅಕ್ಕ ಒಬ್ಳು ಊಟದೆಲೆ ಹಚ್ಕಂಡು ಕೂತವ್ಳೆ. ಎಲ್ಲಿಗೆ ಹೋಗ್ತಾಳೆ? ನಾನೇನು ಉಪಾಸ ಹಾಕ್ತೀನಾ? ಸಿನಿಮಾ ತೋರುಸ್ತಿಲ್ವಾ?”

ಹಾಲಮ್ಮ ಪರದೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಇನ್ನೂ ಚಿತ್ರ ಬಂದಿರಲಿಲ್ಲ.

೨೪ ಜನವರಿ, ಭಾನುವಾರ

ಧೈರ್ಯ ಮಾಡಿ ಹಾಲಮ್ಮನ ವಿಷಯ ಭಾವನಿಗೆ ಹೇಳಿದೆ. ಕೊನೆಯ ಸಾಲನ್ನಾದರೂ ಬದಲಾಯಿಸಿಕೊಡಿ ಎಂದೆ.

“ಊರವರ ಮನೆ ವಿಚಾರ ನಮಗ್ಯಾಕೆ? ಡೇರೆ ಹಾಕೋಕೆ ಅಮಲ್ದಾರರ ಅಪ್ಪಣೆ ತರೋದ್ರೊಳಗೆ ನನ್ನ ಮೆಟ್ಟು ಸವೆದು ಹೋಗೈತೆ. ನೀನು ನೀರು ಹಾಕು, ಬರೆದಿದ್ದು ಓದು” ಎಂದರು.

ಬೆಳಿಗ್ಗೆ ನೀರು ತರಲು ಕೆರೆಗೆ ಹೋಗಿದ್ದೆ. ಬಿಂದಿಗೆ ಮುಳುಗಿಸಿದಾಗ ಗುಳುಗುಳು ಎಂದು ಸದ್ದಾಯಿತು. ಅಲ್ಲೇ ಬಿಟ್ಟು ದಡಕ್ಕೆ ಓಡಿಬಂದೆ. ಆಮೇಲೆ ಸೈದಾನಿ ಬಿ ಹೋಗಿ ತಂದಳು.

೨೬ ಜನವರಿ, ಮಂಗಳವಾರ

ಇವತ್ತು ಆದದ್ದನ್ನು ಹೇಗೆ ಬರೆಯಲಿ.

ರೈಲಿನಲ್ಲಿ ಹೊಸ ಚಿತ್ರದ ಡಬ್ಬ ಬಂದಿತ್ತು. ಮೊದಲ ರೀಲಿನಲ್ಲೇ ಅದೇ ಮುಖ, ಅದೇ ಕಣ್ಣು. ಟೋಪಿ ಅಂಗಡಿಯಲ್ಲಿ ರಿಬ್ಬನ್ನು ಹೊಲಿಯುತ್ತಾ ಕೂತಿದ್ದಾಳೆ. ಹೆಂಗಸರಲ್ಲಿ ಒಬ್ಬಳು ಕಿಟಾರನೆ ಕಿರುಚಿದಳು. ಮಕ್ಕಳ ತಾಯಂದಿರು ಸೆರಗಿನಿಂದ ಕೂಸುಗಳ ಮುಖ ಮುಚ್ಚಿದರು. ಇಬ್ಬರು ಬಾಗಿಲಿಗೆ ಓಡಿದರು.

ತಿಮ್ಮಕ್ಕ ಎದ್ದು ನಿಂತು ಥೂ ಥೂ ಎಂದು ಮೂರು ಸಲ ಉಗಿದಳು. “ಸತ್ತೋಳು ಹೆಂಗೇ ಬಂದ್ಲು? ಅವತ್ತು ಮನೆಗೆ ಹೋಗಿ, ಆ ಚಳೀಲಿ, ಅವ್ಳಿಗೋಸ್ಕರ ತಲೆಗೆ ನೀರು ಹಾಕ್ಕಂಡಿದೀನಿ ನಾನು! ಯಾವ ಗಾಳಿ ತಂದು ತೋರುಸ್ತಿದೀರೇ?”

ಸಾವಿನ ಸ್ನಾನ! ಇನ್ನೂ ಮೂವರು ನಾವೂ ಹಾಕಿಕೊಂಡೆವು ಎಂದರು. ನಟಿ ಎಂದರೆ ಒಂದು ಚಿತ್ರದಲ್ಲಿ ಸತ್ತು ಇನ್ನೊಂದರಲ್ಲಿ ಬದುಕುವವಳು ಎಂಬುದು ಅವರಿಗೆ ಗೊತ್ತಿಲ್ಲ. ಭಾವನ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಾಲಮ್ಮ ಒಬ್ಬಳೇ ಕೂತಲ್ಲೇ ಕೂತು ನನ್ನನ್ನು ನೋಡುತ್ತಿದ್ದಳು.

“ಅವಳು ಸತ್ತಿರಲಿಲ್ಲ” ಎಂದು ಯಾರೋ ಹೇಳಿದರು. ನಾನೇ. “ಈಜಿದಳು.”

“ಈಜಿದ್ಲಾ?”

“ಆಚೆ ದಡಕ್ಕೆ ಈಜಿದಳು. ಅಲ್ಲಿಂದ ಪಟ್ಟಣಕ್ಕೆ ಬಂದು ಟೋಪಿ ಅಂಗಡಿ ಸೇರಿದಳು.”

ತಿಮ್ಮಕ್ಕ ಮತ್ತೆ ಚಾಪೆಯ ಮೇಲೆ ಕೂತಳು. “ಮುಂಚೇನೇ ಹೇಳ್ಬಾರ್ದಾಗಿತ್ತಾ ಮುಂಡೇದೇ. ಮೂಗು ಕಟ್ಟಿ ಎರಡು ದಿನ ಒದ್ದಾಡಿದೀನಿ.”

ಇದು ಸುಳ್ಳು. ಇಷ್ಟು ಜನರೆದುರು ಇಷ್ಟು ದೊಡ್ಡ ಸುಳ್ಳು ನಾನು ಹೇಳಿದ್ದೇ ಇಲ್ಲ. ಭಾವನಿಗೆ ಗೊತ್ತಾದರೆ ಏನು ಗತಿ.

೨೭ ಜನವರಿ, ಬುಧವಾರ

ಡಬ್ಬಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆ ಸುತ್ತಿತ್ತು. ಅದರಲ್ಲಿ ಬೆಳ್ಳಕ್ಕನ ಪಟ. ಸ್ಟೇಷನ್ ಮಾಸ್ತರು ಮಲ್ಲಿಕಾರ್ಜುನಯ್ಯನವರು ರಸೀತಿಗೆ ರುಜು ಹಾಕಿಸಲು ಬಂದಾಗ ಖಾಸಿಂ ಸಾಬರು ಓದಿಸಿದರು. ನಾನು ಡೇರೆಯ ಬಟ್ಟೆಯ ಹಿಂದೆ ನಿಂತು ಕೇಳಿದೆ.

ಅವಳ ತಾಯಿ ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವವಳು. ತಂದೆ ಕುಡುಕ. ಹದಿನೈದನೇ ವರ್ಷದಲ್ಲಿ ಸದ್ದಾಗಬಾರದೆಂದು ಬೂಟು ಕೈಯಲ್ಲಿ ಹಿಡಿದು ಮನೆ ಬಿಟ್ಟಳಂತೆ. ನಿಜವಾಗಿಯೂ ಟೋಪಿ ಅಂಗಡಿಯಲ್ಲಿ ಹೊಲಿಯುತ್ತಿದ್ದಳಂತೆ! ಚಿತ್ರದ ಕಂಪನಿಯ ಬಾಗಿಲಲ್ಲಿ ದಿನವೂ ಸಾಲು ನಿಂತು ಎರಡು ವರ್ಷ ಬರೀ ಗುಂಪಿನಲ್ಲಿ ಒಬ್ಬಳಾಗಿದ್ದಳು. ಆಮೇಲೆ ಆ ಸರೋವರದ ಚಿತ್ರ ಸಿಕ್ಕಿತು. ಹಿಮ ಬೀಳುವ ಕಾಲ. ಅಂಗಿಯೊಳಗೆ ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಕ್ಯಾಮೆರಾದ ಹಿಂದೆ ಇಬ್ಬರು ಅದನ್ನು ಹಿಡಿದಿದ್ದರು. ಮೂರನೆಯ ಸಲ ನೀರಿಗಿಳಿದಾಗ ಒಬ್ಬನ ಕೈ ಜಾರಿತು. ಇನ್ನೊಬ್ಬ ಬಿಡಲಿಲ್ಲ. ತಿಂಗಳು ಜ್ವರ ಬಂದು ಮಲಗಿದ್ದಳು. ಈಗ ದೊಡ್ಡ ಹೆಸರು, ದೊಡ್ಡ ಮನೆ. ಆದರೂ ಪ್ರತಿ ಚಿತ್ರದ ಮೊದಲ ದಿನ ಅವಳ ಕೈಕಾಲು ನಡುಗುತ್ತವಂತೆ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

೩೦ ಜನವರಿ, ಶನಿವಾರ

ಹಾಲಮ್ಮ ಇವತ್ತು ಕೇಳಿದಳು: “ಆಮೇಲೆ?”

೩ ಫೆಬ್ರವರಿ, ಬುಧವಾರ

ಮೂರನೆಯ ಚಿತ್ರದಲ್ಲಿ ಬೆಳ್ಳಕ್ಕ ಹಳ್ಳಿ ಶಾಲೆಯ ಮೇಡಂ. ಟೋಪಿ ಅಂಗಡಿಯಲ್ಲಿ ದುಡಿದು, ರಾತ್ರಿ ಓದು ಕಲಿತು ಇಲ್ಲಿಗೆ ಬಂದಳು ಎಂದು ಸೇರಿಸಿದೆ. ಭಾವನ ಕಾಗದ ಈಗ ಸೊಂಟದಲ್ಲೇ ಇರುತ್ತದೆ. ಕತ್ತಲಲ್ಲಿ ಓದಲು ಹೇಗೂ ಕಷ್ಟ. ಹೆಂಗಸರು ನಡುವೆ ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳಬೇಕಾಗುತ್ತದೆ. ಮೊದಲ ಗಂಡ ಹುಡುಕಿಕೊಂಡು ಬರಲಿಲ್ಲವೇ ಎಂದು ತಿಮ್ಮಕ್ಕ ಜಗಳಕ್ಕೇ ಬಂದಳು. ಬಂದ, ಆದರೆ ಅವಳು ಬಾಗಿಲು ತೆಗೆಯಲಿಲ್ಲ ಎಂದೆ. “ಹಂಗೇ ಆಗ್ಬೇಕು ಅವ್ನಿಗೆ!” ಎಂದು ತೊಡೆ ತಟ್ಟಿದಳು. ಮಗ್ಗುಲಲ್ಲಿ ಕೂತವಳು ಯಾರು ಎಂದು ಅವಳಿಗೆ ಹೊಳೆಯುವುದೇ ಇಲ್ಲ.

೪ ಫೆಬ್ರವರಿ, ಗುರುವಾರ

ಹಾಲಮ್ಮ ತನ್ನ ಹಸಿರು ಬಳೆಗಳನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಎರಡೂ ಕೈಯವು. “ಇಟ್ಕೋ. ಸೋಮವಾರ ಊರಿಗೆ ಹೋಗ್ತೀವಿ. ನಂಗಿನ್ನು ಬೇಡ.”

“ಯಾಕೆ ಹಾಲಕ್ಕ? ಮುತ್ತೈದೆ ಬರಿಗೈಲಿ...”

ಸೆರಗು ಮುಂಗೈ ಮುಚ್ಚುವಂತೆ ಎಳೆದುಕೊಂಡು ಹೋದಳು.

ಬಳೆ ಕಾಗದದಲ್ಲಿ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟಿದ್ದೇನೆ. ಹೊರಳಿದರೆ ಸದ್ದು. ಹೊರಳುವುದಕ್ಕೂ ಹೆದರಿಕೆ.

೫ ಫೆಬ್ರವರಿ, ಶುಕ್ರವಾರ

ಭಾವ ಊರಲ್ಲಿ ಟಾಂಟಾಂ ಹೊಡೆಸಿದ್ದಾರೆ. ನಾಳೆ, ನಾಡಿದ್ದು ಕೊನೆಯ ಎರಡು ಆಟ. ಜನರ ಆಸೆಯಂತೆ ಮತ್ತೆ ಆ ಸರೋವರದ ಚಿತ್ರ!

“ಬೇಡ ಭಾವ. ಅದೊಂದು ಬೇಡ.”

“ಜನ ಅತ್ತಷ್ಟೂ ಡೇರೆ ತುಂಬ್ತದೆ ಕಣಮ್ಮ. ಏನಾಗೈತೆ ನಿಂಗೆ?”

ಸೈದಾನಿ ಬಿಯ ಹತ್ತಿರ ಎಲ್ಲವನ್ನೂ ಹೇಳಿದೆ, ಬಳೆಯನ್ನೂ ತೋರಿಸಿದೆ. ಅವಳು ಜಗಿಯುತ್ತಿದ್ದ ಎಲೆಅಡಿಕೆ ಉಗಿದಳು. “ಬೇಟಿ, ಅವಳ ಅತ್ತೆಗೆ ಹೇಳಿದ್ರೆ ಒಳಗೆ ಹಾಕಿ ಚಿಲಕ ಹಾಕ್ತಾರೆ. ಚಿಲಕ ಎಷ್ಟು ದಿನ? ನಿನ್ನ ಮಾತು ಕೇಳ್ತಾಳೆ ಅವಳು. ನೀನೇ ಹೇಳು” ಎಂದಳು.

ನಾನು! ಎದುರಿಗೆ ನಿಂತು ಹೇಳಲು ನನಗೆ ಬಂದಿದ್ದರೆ ಬಳೆ ಕೊಟ್ಟಾಗಲೇ ಕೈ ಹಿಡಿಯುತ್ತಿರಲಿಲ್ಲವೇ?

೬ ಫೆಬ್ರವರಿ, ಶನಿವಾರ

ಆಟ ಮುಗಿಯಿತು. ಬಟ್ಟೆ ಬದಲಿಸಿಲ್ಲ, ಬರೆಯುತ್ತಿದ್ದೇನೆ.

ಕೊನೆಯ ರೀಲಿಗೆ ಮುಂಚೆ ಬಕೆಟ್ಟು ತುಂಬಿತ್ತು, ಚೊಂಬು ಕೈಯಲ್ಲಿತ್ತು. ನಾನು ಎರಚಲಿಲ್ಲ. ಯೋಚಿಸಿ ಮಾಡಿದ್ದಲ್ಲ, ಕೈ ಮೇಲೇಳಲಿಲ್ಲ. ಚಿತ್ರ ಶುರುವಾಯಿತು. ಬಟ್ಟೆ ಮಧ್ಯದಿಂದ ಒಣಗುತ್ತಾ ಬಂತು. ಬೆಳ್ಳಕ್ಕ ಮನೆ ಬಿಟ್ಟು ಹೊರಟಾಗ ಇನ್ನೂ ಕಾಣುತ್ತಿದ್ದಳು. ಸರೋವರದ ಹತ್ತಿರ ಬರುವಷ್ಟರಲ್ಲಿ ನಮ್ಮ ಕಡೆ ಬರೀ ಬೆಳ್ಳನೆಯ ಮಂಜು. ಆಚೆ ಗಂಡಸರಿಗೆ ಎಲ್ಲ ಕಾಣುತ್ತಿತ್ತು. ಭಾವ ಗಟ್ಟಿಯಾಗಿ, “ನೀರು ತಾಯಿಯಂತೆ” ಎಂದು ಶುರುಮಾಡಿದರು.

“ನೀರು ಹಾಕೇ! ಏನೂ ಕಾಣ್ತಿಲ್ಲ!” ಎಂದು ಹೆಂಗಸರು ಕೂಗಿದರು.

ಭಾವನ ದನಿ ಈಚೆಗೆ ಕೇಳಬಾರದೆಂದು ನಾನು ಅದಕ್ಕಿಂತ ಗಟ್ಟಿಯಾಗಿ ಮಾತಾಡಿದೆ. ನೀರು ತಾಯಿಯಲ್ಲ ಎಂದೆ. ನೀರು ತಣ್ಣಗೆ ಕೊರೆಯುತ್ತದೆ, ಮೂಗು ಬಾಯಿಗೆ ನುಗ್ಗುತ್ತದೆ, ಯಾರ ಕಷ್ಟವನ್ನೂ ತೀರಿಸುವುದಿಲ್ಲ. ಬೆಳ್ಳಕ್ಕನಿಗೂ ಅದು ಗೊತ್ತಿತ್ತು. ಅವಳ ಸೊಂಟದಲ್ಲಿ ಒಂದು ಹಗ್ಗ ಇತ್ತು.

“ಹಗ್ಗ ಇದ್ರೆ ಅವತ್ತು ನಮ್ಗ್ಯಾಕೆ ಕಾಣ್ಲಿಲ್ಲ?” ಎಂದಳು ತಿಮ್ಮಕ್ಕ.

“ಅಂಗಿಯೊಳಗೆ ಇತ್ತಜ್ಜಿ. ಹಿಡಿದವರೂ ಕಾಣುವುದಿಲ್ಲ.”

“ಟೋಪಿ ತೇಲ್ತಲ್ಲ?”

“ಟೋಪಿ ಬಿಟ್ಟಿದ್ದೇ ಅದಕ್ಕೆ. ಗಂಡ, ಅತ್ತೆ, ಊರವರೆಲ್ಲ ಟೋಪಿ ನೋಡುತ್ತಾ ನೀರಿಗೆ ಕೋಲು ಹಾಕಿದರು. ರಸ್ತೆಯ ಕಡೆ ಯಾರೂ ನೋಡಲಿಲ್ಲ. ಅವಳು ಒದ್ದೆ ಬಟ್ಟೆಯಲ್ಲೇ ಸ್ಟೇಷನ್ನಿಗೆ ನಡೆದಳು. ಕಾಲು ನಡುಗುತ್ತಿತ್ತು. ನಡುಗುತ್ತಲೇ ನಡೆದಳು.”

ಗದ್ದಲ ನಿಂತಿತ್ತು. ಆ ಮಂಜಿನಲ್ಲಿ ಎಲ್ಲರೂ ಏನನ್ನು ನೋಡುತ್ತಿದ್ದರೋ. ಆಗ ಮೊದಲ ಸಲ ಹಾಲಮ್ಮ ಎಲ್ಲರೆದುರು ದನಿ ತೆಗೆದಳು.

“ಹಗ್ಗ ಎಷ್ಟು ಜನ ಹಿಡಿದಿದ್ರು?”

“ಇಬ್ಬರು. ಒಬ್ಬರ ಕೈ ಜಾರಿತು. ಇನ್ನೊಬ್ಬರು ಬಿಡಲಿಲ್ಲ.”

ಅವಳು ಮತ್ತೇನೂ ಕೇಳಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದು. ಹೆಂಗಸರೆಲ್ಲ ಹೋದ ಮೇಲೆ ಭಾವ ಈಚೆ ಬಂದು ಪರದೆ ಮುಟ್ಟಿ ನೋಡಿ, ಒಣಗಿದ್ದಕ್ಕೆ ಬೈದು ಹೋದರು. ಏನು ಬೈದರೋ ನೆನಪಿಲ್ಲ.

೭ ಫೆಬ್ರವರಿ, ಭಾನುವಾರ

ಹಾಲಮ್ಮ ಆಟಕ್ಕೆ ಬರಲಿಲ್ಲ. ಗಂಟು ಕಟ್ಟುತ್ತಿದ್ದಾಳೆ ಎಂದಳು ತಿಮ್ಮಕ್ಕ. ಇವತ್ತೂ ಎರಚಲಿಲ್ಲ. ಇವತ್ತು ಯಾರೂ ನೀರು ಹಾಕೆಂದು ಕೂಗಲಿಲ್ಲ.

೮ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಡೇರೆಯ ಗೂಟ ಕೀಳುತ್ತಿದ್ದಾಗ ಕೆರೆಯ ಕಡೆಯಿಂದ ಗದ್ದಲ. ಹಾಲಮ್ಮ ಬೆಳಕು ಹರಿಯುವ ಮುಂಚೆ ನೀರಿಗೆ ಹೋದವಳು ಬಂದಿಲ್ಲ. ಬಿಂದಿಗೆ ಮೆಟ್ಟಿಲ ಮೇಲೆ ಇದೆ.

ಹೇಗೆ ಓಡಿದೆನೋ ಗೊತ್ತಿಲ್ಲ. ನಾಲ್ವರು ಗಂಡಸರು ನೀರಿಗೆ ಇಳಿದಿದ್ದರು. ಕೋಲು ಹಾಕುತ್ತಿದ್ದರು. ತಿಮ್ಮಕ್ಕ ದಡದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಸಿನಿಮಾದಲ್ಲಿ ಅತ್ತಂತೆ ಅಲ್ಲ. ದನಿಯೇ ಇರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಬಿಂದಿಗೆ ಕೊನೆಯ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿತ್ತು. ಕಂಠದವರೆಗೆ ನೀರು.

ಟೋಪಿ, ಎಂದುಕೊಂಡೆ. ಇದು ಟೋಪಿ ಇರಬೇಕು. ಆದರೆ ಟೋಪಿ ಅಲ್ಲದಿದ್ದರೆ? ತಾಯಿಯ ಮಡಿಲು ಎಂದು ಐದಾರು ಸಂಜೆ ಅವಳ ಕಿವಿಗೆ ತುಂಬಿದವಳು ನಾನು. “ನೀರು ತಾಯಿಯಲ್ಲ” ಎಂದದ್ದು ಒಂದೇ ಒಂದು ಸಂಜೆ. ಕೋಲು ಯಾವುದಕ್ಕೋ ತಾಗಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ಸೈದಾನಿ ಬಿ ನನ್ನ ರಟ್ಟೆ ಹಿಡಿದಿದ್ದಳು.

ಅಷ್ಟರಲ್ಲಿ ಮಲ್ಲಿಕಾರ್ಜುನಯ್ಯನವರು ಡಬ್ಬದ ರಸೀತಿ ಹಿಡಿದು ಬಂದರು. ಗುಂಪು ನೋಡಿ ಏನೆಂದು ಕೇಳಿ, ಲೊಚಗುಟ್ಟಿ, ರಸೀತಿ ನನ್ನ ಕೈಗಿತ್ತರು. “ಏನು ಕಾಲ ಬಂತಮ್ಮ. ಬೆಳಗಿನ ಗಾಡಿಗೂ ಒಬ್ಬಳು ಹೆಣ್ಣುಮಗಳು ಒಂಟಿಯಾಗಿ ಬಂದಿದ್ಲು, ಕಡೂರಿಗೆ ಟಿಕೇಟು ಕೇಳ್ಕೊಂಡು. ಪಾಪ, ಗಡಗಡ ನಡುಗ್ತಿದ್ಲು. ಕೈಲಿ ಒಂದು ಬಳೆನೂ ಇಲ್ಲ. ಯಾವ ದುಃಖವೋ.”

ಸೈದಾನಿ ಬಿಯ ಹಿಡಿತ ಬಿಗಿಯಾಯಿತು. ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಗಾಡಿ ಇನ್ನೂ ಬೀರೂರನ್ನೂ ಮುಟ್ಟಿರಲಾರದು. ಈಗ ಬಾಯಿ ಬಿಟ್ಟರೆ ಮಾಸ್ತರು ತಂತಿ ಕಳಿಸುತ್ತಾರೆ, ಇಳಿಸಿ ನಿಲ್ಲಿಸುತ್ತಾರೆ. ನಾನು ರಸೀತಿ ಮಡಿಸಿದೆ. ಬಿಚ್ಚಿದೆ, ಮತ್ತೆ ಮಡಿಸಿದೆ. ಗಂಡಸರು ಮುಳುಗಿ ಏಳುತ್ತಿದ್ದರು, ಅವರ ತುಟಿ ನೀಲಿಯಾಗಿತ್ತು. ತಿಮ್ಮಕ್ಕನ ಬಾಯಿ ಹಾಗೇ ತೆರೆದಿತ್ತು. ನೋಡಲಾಗುತ್ತಿರಲಿಲ್ಲ. ಆದರೂ ಹೇಳಲಿಲ್ಲ. ಬಿಸಿಲು ಮೆಟ್ಟಿಲಿಳಿದು ಬಿಂದಿಗೆಯವರೆಗೆ ಬಂತು. ಗಾಡಿ ಕಡೂರು ದಾಟಿರಬೇಕು ಎಂದಾದ ಮೇಲೆ ಹೋಗಿ ತಿಮ್ಮಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

“ಅಜ್ಜಿ. ಈಜಿದಳು.”

ಅವಳು ನನ್ನನ್ನು ನೋಡಿದಳು. ಬಿಂದಿಗೆಯನ್ನು ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನೀರಿನಲ್ಲಿದ್ದವರಿಗೆ ಕೂಗಿದಳು.

“ಮೇಲೆ ಬರ್ರೋ. ಸಿಕ್ಕಲ್ಲ ಅವ್ಳು.”

ಏಳುವಾಗ ನನ್ನ ಭುಜ ಊರಿಕೊಂಡು ಮೆಲ್ಲಗೆ ಅಂದಳು: “ಅಂಗಾದ್ರೆ ಈ ಸಲ ತಲೆಗೆ ನೀರು ಹಾಕ್ಕಳಂಗಿಲ್ಲ ಬಿಡು.”

ಕಡೂರು, ೧೭ ಫೆಬ್ರವರಿ, ಬುಧವಾರ

ಒಂಬತ್ತು ದಿನ ಬರೆದಿಲ್ಲ. ಡೇರೆ ಹಾಕುವ ಕೆಲಸವಿತ್ತು. ಅಕ್ಕನಿಗೆ ಹೆಣ್ಣು ಮಗುವಾಗಿದೆ, ಮೂಗು ಭಾವನದು. ಗ್ರಹಣದಿಂದ ಏನೂ ಆಗಿಲ್ಲ. ಭಾವ ನನಗೆ ಕಾಗದ ಬರೆದುಕೊಡುವುದನ್ನು ಮರೆತಿದ್ದಾರೆ. ನಾನೂ ಕೇಳಿಲ್ಲ.

ಹಾಲಮ್ಮನನ್ನು ಹುಡುಕಿಕೊಂಡು ಬುಕ್ಕಾಂಬುಧಿಯ ಎತ್ತಿನ ಗಾಡಿ ಯಾವುದಾದರೂ ಬಂದೀತೆಂದು ದಿನವೂ ಹೆದರುತ್ತೇನೆ. ಅವಳ ಗಂಡನ ಮುಖ ನನಗೆ ಗೊತ್ತಿಲ್ಲ. ಎತ್ತಿನ ಗಂಟೆ ಕೇಳಿದರೆ ಡೇರೆಯ ಬಟ್ಟೆ ಸರಿಸಿ ಇಣುಕುತ್ತೇನೆ.

ಇವತ್ತು ಆಟಕ್ಕೆ ಮುಂಚೆ ಊಟದೆಲೆಯ ಕಟ್ಟು ಹೊತ್ತ ಹೆಂಗಸೊಬ್ಬಳು ಹಿಂದಿನ ಬಾಗಿಲಿಗೆ ಬಂದಳು. ಜೊತೆಯಲ್ಲಿ ಮುಖದ ತುಂಬ ಸೆರಗು ಹೊದ್ದವಳು ಇನ್ನೊಬ್ಬಳು. ಸೈದಾನಿ ಬಿ ಟಿಕೇಟು ಕೇಳದೆ ಒಳಗೆ ಬಿಟ್ಟಳು. ನಾನು ಪೆಟ್ಟಿಗೆಯಿಂದ ಬಳೆಯ ಪೊಟ್ಟಣ ತೆಗೆದು ಹಿಡಿದೆ.

“ಅವು ಅವರ ಮನೇವು, ನೀನೇ ಇಟ್ಕೋ” ಎಂದಳು ಹಾಲಮ್ಮ. ಅವಳ ಬೆರಳಿಗೆಲ್ಲ ಎಲೆಯ ಕಡ್ಡಿ ಚುಚ್ಚಿದ ಗಾಯ.

ಆಚೆ ಖಾಸಿಂ ಸಾಬರು ದೀಪ ಹಚ್ಚಿದರು. ನನ್ನ ಮೊಣಕಾಲು ಎಂದಿನಂತೆ ನಡುಗಲು ಶುರುವಾಯಿತು. ಚೊಂಬಿಗೆ ಕೈ ಹಾಕಿದೆ, ಅವಳು ನನಗಿಂತ ಮುಂಚೆ ಅದನ್ನು ಎತ್ತಿಕೊಂಡಳು.

“ನೀರು ನಾನು ಹಾಕ್ತೀನಿ. ನೀನು ಮಾತಾಡು.”